ಎರಡು ಹೆಸರಿನ ಸಬ್‌ಮರೀನು

ಕಳೆದ ವರ್ಷ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದವರಿಗೆ ವಿಶಾಖಪಟ್ಟಣದ ಆರ್.ಕೆ. ಬೀಚ್ ನೆನಪಿರಬಹುದು. ಮರಳಿನ ಮೇಲೆ ನಿಲ್ಲಿಸಿರುವ ಐಎನ್ಎಸ್ ಕುರ್ಸುರ ಎಂಬ ಸಬ್‌ಮರೀನಿನೊಳಗೆ ನಾವು ಸಾಲಾಗಿ ಹೋಗಿದ್ದೆವು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ದುಂಡಗಿನ ಕಿಂಡಿಯೊಳಗೆ ಒಂದು ಕಾಲು ಹಾಕಿ, ತಲೆ ಬಗ್ಗಿಸಿ, ಆಮೇಲೆ ಇನ್ನೊಂದು ಕಾಲು ಎಳೆದುಕೊಳ್ಳಬೇಕು. ಮೂರು ಜನರ ಹಣೆಗೆ ಪೆಟ್ಟಾಯಿತು, ಅದರಲ್ಲಿ ಒಬ್ಬ ನಾನು. ಟಾರ್ಪೆಡೊ ಕೋಣೆಗೆ ಬಂದಾಗ ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಮೇಲಿನ ಉಕ್ಕಿನ ಮುಚ್ಚಳವನ್ನು ನೋಡುತ್ತಾ ಕೇಳಿದಳು: "ಸರ್, ಸಬ್‌ಮರೀನ್ ಮುಳುಗಿದರೆ ಇದನ್ನು ತೆಗೆದು ಈಜಿಕೊಂಡು ಮೇಲೆ ಬರಬಹುದಲ್ಲ? ಒಳಗೆ ಇರೋರಿಗೆಲ್ಲ ಈಜು ಬರ್ತದಲ್ಲ?"

"ನೀರಿನ ಒತ್ತಡ ಜಾಸ್ತಿ ಇರ್ತದಮ್ಮ, ತೆಗೆಯಲಿಕ್ಕೆ ಆಗುವುದಿಲ್ಲ" ಎಂದು ಹೇಳಿ ಮುಂದೆ ನಡೆದೆ. ಹಿಂದೆ ಇನ್ನೊಂದು ಶಾಲೆಯ ಮಕ್ಕಳು ನೂಕುತ್ತಿದ್ದರು. ಉತ್ತರ ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಊರಿಗೆ ಬಂದ ಮೇಲೆ ತರಗತಿಯಲ್ಲಿ ವಿವರವಾಗಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆಮೇಲೆ ಪಠ್ಯ ಮುಗಿಸುವ ಗಡಿಬಿಡಿ, ಪರೀಕ್ಷೆ, ಫಲಿತಾಂಶ. ನಮ್ಮ ವಾರ್ತಾಪತ್ರಿಕೆಯ ಸಂಪಾದಕ ವಿದ್ಯಾರ್ಥಿಗಳು ಏನಾದರೂ ಬರೆದುಕೊಡಿ ಸರ್ ಎಂದು ಕೇಳಿದಾಗ, ಮೊದಲು ಆ ಸಾಲ ತೀರಿಸೋಣ ಅನಿಸಿತು.

ಆ ದಿನ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು 'ಘಾಜಿ'. 2017ರ ಸಿನಿಮಾ ನೋಡಿದ್ದವರೇ ಹೆಚ್ಚು. ಪಾಕಿಸ್ತಾನದ ನೌಕಾಪಡೆಯ ಆ ಸಬ್‌ಮರೀನು 1971ರ ಡಿಸೆಂಬರ್ ಮೊದಲ ವಾರದಲ್ಲಿ ಅದೇ ವಿಶಾಖಪಟ್ಟಣದ ಹೊರಗಡಲಲ್ಲಿ ಮುಳುಗಿತು. ಐಎನ್ಎಸ್ ರಜಪೂತ್ ಮುಳುಗಿಸಿತು ಎಂದು ನಮ್ಮವರು ಹೇಳುತ್ತಾರೆ, ಒಳಗಿನ ಸ್ಫೋಟದಿಂದಲೋ ತಾನೇ ಇಟ್ಟ ಮೈನಿನಿಂದಲೋ ಮುಳುಗಿತು ಎಂದು ಅವರು ಹೇಳುತ್ತಾರೆ. ಒಳಗಿದ್ದ ಒಬ್ಬರೂ ಉಳಿಯಲಿಲ್ಲ. ಹುಡುಗರಲ್ಲಿ ಹಲವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಘಾಜಿ ಪಾಕಿಸ್ತಾನದಲ್ಲಿ ಕಟ್ಟಿದ್ದಲ್ಲ. ಅದು ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕ ಕಟ್ಟಿದ 'ಡಯಾಬ್ಲೊ'. 1964ರಲ್ಲಿ ಕೈ ಬದಲಾಯಿತು. ಯುದ್ಧಕ್ಕಾಗಿ ಅವಸರದಲ್ಲಿ ನೂರಾರು ಸಬ್‌ಮರೀನು ಕಟ್ಟಿದ ಅಮೆರಿಕ, ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಹಲವನ್ನು ಮಿತ್ರದೇಶಗಳಿಗೆ ಕೊಟ್ಟಿತು. ಬ್ರೆಜಿಲ್, ಗ್ರೀಸ್, ಇಟಲಿ, ಟರ್ಕಿ, ಪಾಕಿಸ್ತಾನ, ಹೀಗೆ ಒಂದೊಂದು ಒಂದೊಂದು ಬಂದರಿಗೆ, ಒಂದೊಂದು ಹೊಸ ಹೆಸರಿನಲ್ಲಿ ಹೋದವು.

ಘಾಜಿ ಮುಳುಗಿದಾಗ ಒಳಗೆ ಏನು ನಡೆಯಿತೆಂದು ಹೇಳಲು ಯಾರೂ ಇಲ್ಲ. ಆದರೆ ಹೀಗೆ ಕೈ ಬದಲಾಯಿಸಿದ ಇನ್ನೊಂದು ಸಬ್‌ಮರೀನು, ಮುಳುಗಿದ ಮೇಲೂ ಕೆಲವು ಗಂಟೆ ಮೇಲಿನವರೊಂದಿಗೆ ಫೋನಿನಲ್ಲಿ ಮಾತಾಡಿತು. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಅಲ್ಲಿದೆ. ಅದರ ಮೊದಲ ಹೆಸರು ಬ್ಲೋವರ್, ಎರಡನೆಯದು ದುಮ್ಲುಪಿನಾರ್.

ಬ್ಲೋವರ್ ಹುಟ್ಟಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗ್ರಾಟನ್ ಎಂಬಲ್ಲಿ. ಎಲೆಕ್ಟ್ರಿಕ್ ಬೋಟ್ ಕಂಪನಿ 1944ರ ಏಪ್ರಿಲಿನಲ್ಲಿ ಅದನ್ನು ನೀರಿಗಿಳಿಸಿತು, ಆಗಸ್ಟಿನಲ್ಲಿ ನೌಕಾಪಡೆಗೆ ಸೇರಿತು. 'ಬಲಾವೊ' ಎಂಬ ಮಾದರಿ, ಸುಮಾರು 95 ಮೀಟರ್ ಉದ್ದ. ನಮ್ಮ ಕಾಲೇಜಿನ ಮುಖ್ಯ ಕಟ್ಟಡಕ್ಕಿಂತ ಉದ್ದ, ಆದರೆ ಅಗಲ ಒಂದು ತರಗತಿ ಕೋಣೆಯಷ್ಟೂ ಇಲ್ಲ. ಮುಂದುಗಡೆ ಆರು, ಹಿಂದುಗಡೆ ನಾಲ್ಕು ಟಾರ್ಪೆಡೊ ಕೊಳವೆಗಳು. ಒಳಗೆ ಸುಮಾರು 80 ಜನ.

ಈ ಕಾಲದ ಅಣುಶಕ್ತಿಯ ಸಬ್‌ಮರೀನುಗಳಂತೆ ಅದು ತಿಂಗಳುಗಟ್ಟಲೆ ಮುಳುಗಿ ಇರುವಂಥದ್ದಲ್ಲ. ನೀರಿನ ಮೇಲೆ ಡೀಸೆಲ್ ಎಂಜಿನಿನಲ್ಲಿ ಓಡುತ್ತಿತ್ತು. ಡೀಸೆಲ್ ಉರಿಯಲು ಗಾಳಿ ಬೇಕು, ಮುಳುಗಿದ ಮೇಲೆ ಗಾಳಿ ಎಲ್ಲಿಂದ? ಹಾಗಾಗಿ ಮುಳುಗಿದಾಗ ಬ್ಯಾಟರಿಯಿಂದ ಮೋಟರು ನಡೆಸುತ್ತಿದ್ದರು. ಮೇಲೆ 20 ನಾಟ್ ವೇಗದಲ್ಲಿ ಓಡುವ ಹಡಗು ಒಳಗೆ 9 ನಾಟ್ ಕೂಡ ಮುಟ್ಟುತ್ತಿರಲಿಲ್ಲ, ಆ ವೇಗದಲ್ಲಿ ಹೋದರೆ ಬ್ಯಾಟರಿ ಸ್ವಲ್ಪ ಹೊತ್ತಿನಲ್ಲೇ ಖಾಲಿ. ಎರಡು ನಾಟಿನಲ್ಲಿ, ಅಂದರೆ ನಾವು ನಡೆಯುವುದಕ್ಕಿಂತ ನಿಧಾನವಾಗಿ ತೆವಳಿದರೆ ಎರಡು ದಿನ. ನಿಜ ಹೇಳಬೇಕೆಂದರೆ ಅದು ಬೇಕಾದಾಗ ಮುಳುಗಬಲ್ಲ ಹಡಗು, ಅಷ್ಟೇ. ಹಗಲೆಲ್ಲ ಮುಳುಗಿದ್ದರೆ ಸಂಜೆಯ ಹೊತ್ತಿಗೆ ಒಳಗಿನ ಗಾಳಿ ಕೆಟ್ಟು, ಬೆಂಕಿಕಡ್ಡಿ ಗೀರಿದರೂ ಹೊತ್ತಿಕೊಳ್ಳುತ್ತಿರಲಿಲ್ಲ ಎಂದು ಆ ಕಾಲದ ನಾವಿಕರು ನೆನಪಿಸಿಕೊಂಡಿದ್ದಾರೆ. ಈ ಬೆಂಕಿಕಡ್ಡಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಯುದ್ಧದಲ್ಲಿ ಅಮೆರಿಕದ ಸಬ್‌ಮರೀನು ಪಡೆ ಚಿಕ್ಕದು, ಆದರೆ ಜಪಾನಿನ ವ್ಯಾಪಾರಿ ಹಡಗುಗಳ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದ್ದೇ. ಬೆಲೆಯನ್ನೂ ಕೊಟ್ಟಿತು. 52 ಸಬ್‌ಮರೀನುಗಳು ಹೋದವು, ಸುಮಾರು 3,500 ನಾವಿಕರು ಸತ್ತರು. ಬ್ಲೋವರಿನ ಪಾಲಿಗೆ ಬಂದದ್ದು ಯುದ್ಧದ ಕೊನೆಯ ವರ್ಷ. 1945ರಲ್ಲಿ ಜಾವಾ ಸಮುದ್ರ ಮತ್ತು ದಕ್ಷಿಣ ಚೀನಾ ಸಮುದ್ರದಲ್ಲಿ ಮೂರು ಸಲ ಗಸ್ತು ತಿರುಗಿತು. ಹೊಡೆಯಲು ಶತ್ರು ಹಡಗುಗಳೇ ಕಡಿಮೆಯಾಗಿದ್ದ ಕಾಲ. ಒಂದನ್ನೂ ಮುಳುಗಿಸದೆ, ತಾನೂ ಮುಳುಗದೆ ಯುದ್ಧ ಮುಗಿಸಿತು. ಕೀರ್ತಿಯ ಪುಟಗಳಲ್ಲಿ ಅದರ ಹೆಸರಿಲ್ಲ. ಅದರಲ್ಲಿ ಹೋದವರು ಮನೆಗೆ ವಾಪಸಾದರು ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಯುದ್ಧ ಮುಗಿದು ಐದು ವರ್ಷಕ್ಕೆ ಲೋಕ ಎರಡು ಬಣವಾಗಿತ್ತು. ಕಪ್ಪು ಸಮುದ್ರದಿಂದ ಸೋವಿಯತ್ ಹಡಗುಗಳು ಹೊರಗೆ ಬರಬೇಕಾದರೆ ಟರ್ಕಿಯ ಎರಡು ಜಲಸಂಧಿಗಳನ್ನು, ಬಾಸ್ಫರಸ್ ಮತ್ತು ಡಾರ್ಡನೆಲ್ಸನ್ನು, ದಾಟಲೇಬೇಕು. ಆದ್ದರಿಂದ ಟರ್ಕಿಗೆ ಅಮೆರಿಕದ ನೆರವು ಧಾರಾಳವಾಗಿ ಹರಿಯಿತು, 1952ರಲ್ಲಿ ಟರ್ಕಿ ನ್ಯಾಟೊ ಸೇರಿತು. ಅದಕ್ಕೂ ಮೊದಲೇ, 1950ರ ನವೆಂಬರಿನಲ್ಲಿ, ಬ್ಲೋವರಿನ ಮೇಲಿಂದ ಅಮೆರಿಕದ ಬಾವುಟ ಇಳಿದು ಟರ್ಕಿಯ ಬಾವುಟ ಏರಿತ್ತು. ಹೊಸ ಹೆಸರು ದುಮ್ಲುಪಿನಾರ್. ಅದೊಂದು ಊರು. 1922ರಲ್ಲಿ ಟರ್ಕಿಯ ಸ್ವಾತಂತ್ರ್ಯ ಯುದ್ಧವನ್ನು ತೀರ್ಮಾನಿಸಿದ ಕದನ ನಡೆದ ಜಾಗ. ಅಮೆರಿಕದವರು ಆಗ ಸಬ್‌ಮರೀನುಗಳಿಗೆ ಕಡಲ ಜೀವಿಗಳ ಹೆಸರಿಡುತ್ತಿದ್ದರು, ಟರ್ಕರು ತಮ್ಮ ಗೆಲುವುಗಳ ಹೆಸರಿಟ್ಟರು. ಹೆಸರು ಬದಲಾಯಿತು, ಒಳಗಿನ ಮಾಪಕಗಳು ಬದಲಾಗಲಿಲ್ಲ. ಆಳ ತೋರಿಸುವ ಮುಳ್ಳು ಮೀಟರಿನಲ್ಲಲ್ಲ, ಅಡಿಯಲ್ಲೇ ತೋರಿಸುತ್ತಿತ್ತು.

1953ರ ವಸಂತದಲ್ಲಿ ದುಮ್ಲುಪಿನಾರ್ ಮೆಡಿಟರೇನಿಯನ್ನಿನಲ್ಲಿ ನಡೆದ ನ್ಯಾಟೊ ಸಮರಾಭ್ಯಾಸಕ್ಕೆ ಹೋಗಿತ್ತು. ಅಭ್ಯಾಸ ಮುಗಿಸಿ, ಇನ್ನೊಂದು ಹಳೆಯ ಅಮೆರಿಕನ್ ಸಬ್‌ಮರೀನಾದ ಬಿರಿಂಜಿ ಇನೊನುವಿನ ಜೊತೆ ಗೊಲ್ಜುಕ್ ನೌಕಾನೆಲೆಗೆ ವಾಪಸಾಗುತ್ತಿತ್ತು. (ಮುಂದೆ ಘಾಜಿಯನ್ನೂ ದುರಸ್ತಿಗೆ ಇದೇ ಗೊಲ್ಜುಕ್‌ಗೆ ಕಳುಹಿಸಿದ್ದರು. ಸೂಯೆಜ್ ಕಾಲುವೆ ಮುಚ್ಚಿದ್ದರಿಂದ ಅದು ಇಡೀ ಆಫ್ರಿಕಾವನ್ನು ಸುತ್ತಿಕೊಂಡು ಹೋಗಬೇಕಾಯಿತು.) ಏಪ್ರಿಲ್ 4ರ ನಸುಕಿಗೆ ಮೊದಲು, ಎರಡು ಗಂಟೆ ಕಳೆದಿತ್ತು, ಅದು ಡಾರ್ಡನೆಲ್ಸ್ ಜಲಸಂಧಿಯ ನಾರಾ ಎಂಬ ಮೂಲೆಗೆ ಬಂತು.

ಈ ಜಲಸಂಧಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಮುಂದಿನ ಕಥೆಗೆ ಅದು ಮುಖ್ಯ. ಉದ್ದ ಸುಮಾರು 60 ಕಿಲೋಮೀಟರ್, ಅಗಲ ಕೆಲವು ಕಡೆ ಒಂದೂವರೆ ಕಿಲೋಮೀಟರಿಗೂ ಕಡಿಮೆ. ಉಪ್ಪು ಕಡಿಮೆ ಇರುವ ಹಗುರ ನೀರು ಮರ್ಮರ ಸಮುದ್ರದಿಂದ ಮೇಲ್ಪದರದಲ್ಲಿ ಹೊರಗೆ ಹರಿಯುತ್ತದೆ. ಉಪ್ಪು ಹೆಚ್ಚಿರುವ ಭಾರದ ನೀರು ಏಜಿಯನ್ ಸಮುದ್ರದಿಂದ ಕೆಳಪದರದಲ್ಲಿ ಒಳಗೆ ಹರಿಯುತ್ತದೆ. ಒಂದೇ ಜಾಗದಲ್ಲಿ ಮೇಲೊಂದು ದಿಕ್ಕು, ಕೆಳಗೊಂದು ದಿಕ್ಕು. ಸಾಂದ್ರತೆಯ ಪಾಠ ಕಲಿಸಲು ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಸಿಗಲಾರದು. ನಾರಾ ಮೂಲೆಯಲ್ಲಿ ದಾರಿ ಕಿರಿದಾಗಿ ಚೂಪಾಗಿ ತಿರುಗುತ್ತದೆ, ಸೆಳೆತ ಜೋರು. ಹಿಂದೆ ಪರ್ಷಿಯಾದ ದೊರೆ ಕ್ಸರ್ಕ್ಸಿಸ್ ದೋಣಿಗಳ ಸೇತುವೆ ಕಟ್ಟಿಸಿದ್ದು ಇಲ್ಲೇ. ಬಿರುಗಾಳಿಗೆ ಸೇತುವೆ ಕಿತ್ತುಹೋದಾಗ ಸಮುದ್ರಕ್ಕೆ ಚಾಟಿಯೇಟು ಹೊಡೆಸಿದನಂತೆ.

ಆ ತಿರುವಿನಲ್ಲಿ ಎದುರಿನಿಂದ ಬಂದ ನಾಬೊಲಾಂಡ್ ಎಂಬ ಸ್ವೀಡನ್ನಿನ ಸರಕು ಹಡಗು ದುಮ್ಲುಪಿನಾರಿನ ಮುಂಭಾಗಕ್ಕೆ ಬಲಗಡೆಯಿಂದ ಗುದ್ದಿತು. ಸಬ್‌ಮರೀನು ನೀರಿನ ಮೇಲೆಯೇ ಇತ್ತು. ಮೇಲಿದ್ದರೆ ಅಪಾಯ ಕಡಿಮೆ ಎಂದು ನಮಗನಿಸುತ್ತದೆ. ಆದರೆ ಸಬ್‌ಮರೀನು ಮೇಲಿದ್ದಾಗಲೂ ಅದರ ಬಹುಪಾಲು ಮೈ ನೀರೊಳಗೇ ಇರುತ್ತದೆ. ಕತ್ತಲೆಯಲ್ಲಿ ಕಾಣುವುದು ಸಣ್ಣದೊಂದು ಗೋಪುರ, ಕೆಳಮಟ್ಟದಲ್ಲಿ ಒಂದೆರಡು ದೀಪ. ದೂರದಿಂದ ನೋಡಿದವರಿಗೆ ಮೀನುದೋಣಿ ಅನಿಸಬಹುದು. ಜೊತೆಗೆ ಡೀಸೆಲ್ ಎಂಜಿನಿಗೆ ಗಾಳಿ ಬೇಕೆಂದು ಮೇಲಿನ ದ್ವಾರಗಳು ತೆರೆದಿರುತ್ತವೆ. ಮುಳುಗುವುದಕ್ಕೆಂದೇ ಕಟ್ಟಿದ ಹಡಗಾದ್ದರಿಂದ ತೇಲುವ ಶಕ್ತಿಯ ಉಳಿತಾಯವೂ ಕಡಿಮೆ. ದೊಡ್ಡ ತೂತಾದರೆ ಅದಕ್ಕೆ ಹೆಚ್ಚು ಸಮಯ ಸಿಗುವುದಿಲ್ಲ.

ದುಮ್ಲುಪಿನಾರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಮೇಲಿನ ಕಟ್ಟೆಯಲ್ಲಿ ನಿಂತಿದ್ದ ಎಂಟು ಜನ ನೀರಿಗೆ ಎಸೆಯಲ್ಪಟ್ಟರು, ಅವರಲ್ಲಿ ಐವರು ಉಳಿದರು. ಒಳಗೆ ನೀರು ಮುಂದಿನಿಂದ ಹಿಂದಕ್ಕೆ ನುಗ್ಗಿತು. 22 ಜನ ಕಟ್ಟಕಡೆಯ ಕೋಣೆ ಸೇರಿ ಬಾಗಿಲು ಭದ್ರ ಮಾಡಿಕೊಂಡರು. ಅದು ಹಿಂದಿನ ಟಾರ್ಪೆಡೊ ಕೋಣೆ. ಕುರ್ಸುರದಲ್ಲಿ ನಮ್ಮ ವಿದ್ಯಾರ್ಥಿನಿ ನಿಂತು ಪ್ರಶ್ನೆ ಕೇಳಿದ್ದಳಲ್ಲ, ಅಂಥದ್ದೇ ಜಾಗ.

ಅಲ್ಲಿಂದ ಅವರು ಒಂದು ತೇಲುಬೆಂಡನ್ನು ಮೇಲಕ್ಕೆ ಬಿಟ್ಟರು. ಬಲೆಗೆ ಕಟ್ಟುವ ಬೆಂಡನ್ನು ನಮ್ಮ ಕರಾವಳಿಯ ಮಕ್ಕಳು ನೋಡಿದ್ದೀರಿ. ಇದು ಅದರ ದೊಡ್ಡಣ್ಣ. ಸಬ್‌ಮರೀನು ಮುಳುಗಿದ ಜಾಗವನ್ನು ತೋರಿಸಲೆಂದು ಕಟ್ಟುವಾಗಲೇ ಅದನ್ನು ಮೇಲ್ಮೈಯಲ್ಲಿ ಕೂರಿಸಿರುತ್ತಾರೆ. ಅದಕ್ಕೊಂದು ಉದ್ದನೆಯ ತಂತಿ, ತಂತಿಯ ಎರಡೂ ತುದಿಗೆ ಟೆಲಿಫೋನು. ಬೆಳಕು ಹರಿದ ಮೇಲೆ ಕಸ್ಟಮ್ಸ್ ಇಲಾಖೆಯ ಮೋಟರ್ ದೋಣಿಯೊಂದಕ್ಕೆ ಆ ಬೆಂಡು ಕಾಣಿಸಿತು. ಇಲ್ಲಿ ಸಬ್‌ಮರೀನು ಮುಳುಗಿದೆ, ಮುಚ್ಚಳ ತೆಗೆದು ಒಳಗಿನವರ ಜೊತೆ ಮಾತಾಡಿ ಎಂಬ ಅರ್ಥದ ಸೂಚನೆ ಅದರ ಮೇಲಿತ್ತು. ದೋಣಿಯವರು ರಿಸೀವರ್ ಎತ್ತಿದರು. ಕೆಳಗಿನಿಂದ ಮಾತಾಡಿದ್ದು ಸೆಲಾಮಿ ಒಜ್ಬೆನ್ ಎಂಬ ಕಿರಿಯ ಅಧಿಕಾರಿ. ತಾವು 22 ಜನ ಹಿಂದಿನ ಕೋಣೆಯಲ್ಲಿದ್ದೇವೆ, ಕರೆಂಟು ಇಲ್ಲ, ಹಡಗು 15 ಡಿಗ್ರಿ ಬಲಕ್ಕೆ ವಾಲಿದೆ ಎಂದು ವರದಿ ಕೊಟ್ಟ. ಆಳದ ಮಾಪಕ 267 ಅಡಿ ತೋರಿಸುತ್ತಿತ್ತು. ಕತ್ತಲೆಯಲ್ಲಿ ಸಮುದ್ರದ ತಳದಲ್ಲಿ ಕೂತ ಮನುಷ್ಯ ಹೀಗೆ ಅಚ್ಚುಕಟ್ಟಾಗಿ ಲೆಕ್ಕ ಒಪ್ಪಿಸಿದ್ದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಓಡಾಡಿ ಬಂದೆ.

ಈಗ ಪ್ರಶ್ನೆಗೆ ಬರೋಣ. ಆ 22 ಜನ ಮೇಲಿನ ಮುಚ್ಚಳ ತೆಗೆದು ಈಜಿಕೊಂಡು ಏಕೆ ಬರಲಿಲ್ಲ?

267 ಅಡಿ ಅಂದರೆ ಸುಮಾರು 81 ಮೀಟರ್. ಪ್ರಥಮ ಪಿಯುಸಿಯ ಸೂತ್ರವೇ ಸಾಕು. ಒತ್ತಡ ಎಂದರೆ ಸಾಂದ್ರತೆ, ಗುರುತ್ವ ವೇಗೋತ್ಕರ್ಷ, ಆಳ, ಈ ಮೂರರ ಗುಣಲಬ್ಧ. ಸಮುದ್ರದ ನೀರಿನ ಸಾಂದ್ರತೆ 1025, ಗುರುತ್ವ 9.8, ಆಳ 81. ಗುಣಿಸಿದರೆ ಚದರ ಮೀಟರಿಗೆ ಸುಮಾರು 8,14,000 ನ್ಯೂಟನ್, ಅಂದರೆ ಸುಮಾರು 8 ವಾಯುಭಾರ. ಮುಚ್ಚಳದ ಅಡ್ಡಳತೆ 60 ಸೆಂಟಿಮೀಟರ್ ಎಂದು ಹಿಡಿಯಿರಿ, ಒಬ್ಬ ಮನುಷ್ಯ ನುಸುಳುವಷ್ಟು. ವಿಸ್ತೀರ್ಣ 0.28 ಚದರ ಮೀಟರ್. ಅದರ ಮೇಲೆ ಕೂತಿರುವ ಬಲ ಸುಮಾರು 23 ಟನ್ ತೂಕಕ್ಕೆ ಸಮ. ಜಲ್ಲಿ ತುಂಬಿದ ಹತ್ತು ಚಕ್ರದ ಲಾರಿಯನ್ನು ಬಾಗಿಲಿನ ಮೇಲೆ ನಿಲ್ಲಿಸಿದ ಹಾಗೆ. 22 ಜನ ಅಲ್ಲ, ಇನ್ನೂರು ಜನ ಒಟ್ಟಿಗೆ ಒತ್ತಿದರೂ ಅದು ಏಳುವುದಿಲ್ಲ. ನಾನು ಅಂದು ಹೇಳಿದ ಅರ್ಧ ಉತ್ತರ ಇಷ್ಟೇ.

ಆದರೆ ಮುಚ್ಚಳ ತೆರೆಯಲು ಒಂದು ಉಪಾಯವಿದೆ. ಕೋಣೆಯೊಳಗೆ ಬೇಕೆಂದೇ ನೀರು ಬಿಡಬೇಕು. ನೀರು ಏರುತ್ತಾ ಬಂದಂತೆ ಒಳಗಿನ ಗಾಳಿ ಮೇಲಕ್ಕೆ ಒತ್ತಲ್ಪಟ್ಟು, ಅದರ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮವಾಗುತ್ತದೆ. ಎರಡೂ ಕಡೆ ಸಮವಾದ ಮೇಲೆ ಮುಚ್ಚಳವನ್ನು ಒಂದು ಕೈಯಲ್ಲಿ ತಳ್ಳಬಹುದು. ಮೊಮ್ಸೆನ್ ಲಂಗ್ ಎಂಬ ಉಸಿರಾಟದ ಚೀಲವನ್ನು ಮುಖಕ್ಕೆ ಕಟ್ಟಿಕೊಂಡು ಹೊರಬಿದ್ದು, ಉಸಿರು ಬಿಡುತ್ತಾ ಬಿಡುತ್ತಾ ಮೇಲೇರಬೇಕು. ಉಸಿರು ಬಿಗಿಹಿಡಿದರೆ ಬಾಯ್ಲ್ ನಿಯಮ ಸುಮ್ಮನೆ ಬಿಡುವುದಿಲ್ಲ. 9 ವಾಯುಭಾರದಲ್ಲಿ ಎಳೆದುಕೊಂಡ 5 ಲೀಟರ್ ಗಾಳಿ ಮೇಲೆ ಬರುವಾಗ 45 ಲೀಟರ್ ಆಗಲು ಹೊರಡುತ್ತದೆ, ಶ್ವಾಸಕೋಶ ತಡೆಯುವುದುಂಟೇ? 1944ರಲ್ಲಿ ಇದೇ ಬಲಾವೊ ಮಾದರಿಯ 'ಟ್ಯಾಂಗ್' ತನ್ನದೇ ಟಾರ್ಪೆಡೊ ತಿರುಗಿ ಬಂದು ಹೊಡೆದು ಮುಳುಗಿದಾಗ, ಸುಮಾರು 55 ಮೀಟರ್ ಆಳದಿಂದ ಕೆಲವರು ಹೀಗೆ ಹೊರಬಿದ್ದರು. ಉಳಿದವರು ಐವರು ಮಾತ್ರ. ದುಮ್ಲುಪಿನಾರ್ ಇನ್ನೂ 26 ಮೀಟರ್ ಆಳದಲ್ಲಿತ್ತು.

ಇನ್ನೊಂದು ತೊಡಕಿದೆ. ಸಿನಿಮಾಗಳಲ್ಲಿ ಇದನ್ನು ತೋರಿಸುವುದಿಲ್ಲ, ನಾನೂ ಓದುವ ಮೊದಲು ಯೋಚಿಸಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಮನುಷ್ಯರನ್ನು ಮೊದಲು ಕಾಡುವುದು ಆಮ್ಲಜನಕದ ಕೊರತೆಗಿಂತ ಅವರೇ ಬಿಟ್ಟ ಇಂಗಾಲದ ಡೈಆಕ್ಸೈಡ್. ಲೆಕ್ಕಕ್ಕೆಂದು ಕೋಣೆಯಲ್ಲಿ 100 ಘನ ಮೀಟರ್ ಗಾಳಿ ಇತ್ತು ಎಂದುಕೊಳ್ಳಿ, ಅಂದರೆ ಒಂದು ಲಕ್ಷ ಲೀಟರ್. ಸುಮ್ಮನೆ ಕೂತ ಒಬ್ಬ ಮನುಷ್ಯ ಗಂಟೆಗೆ ಹೆಚ್ಚುಕಡಿಮೆ 20 ಲೀಟರ್ ಡೈಆಕ್ಸೈಡ್ ಬಿಡುತ್ತಾನೆ. 22 ಜನಕ್ಕೆ 440 ಲೀಟರ್. ಗಂಟೆಗೆ ಶೇಕಡ 0.44ರಂತೆ ಏರಿ, ಏಳು ಗಂಟೆಯಲ್ಲಿ ಶೇಕಡ 3 ದಾಟುತ್ತದೆ. ಇಷ್ಟಾದರೆ ತಲೆನೋವು, ಏದುಸಿರು. ಸಾಯುವಷ್ಟಲ್ಲ. ಆದರೆ ಈ ಹಂತದಲ್ಲಿ ಹೊರಗೆ ಹೋಗೋಣ ಎಂದು ಕೋಣೆಗೆ ನೀರು ಬಿಟ್ಟರೆ? ಗಾಳಿ ಒಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಡೈಆಕ್ಸೈಡಿನ ಒತ್ತಡವೂ ಒಂಬತ್ತು ಪಟ್ಟಾಗುತ್ತದೆ. ಮೇಲ್ಮೈಯ ಲೆಕ್ಕದಲ್ಲಿ ಅದು ಶೇಕಡ 27 ಇರುವ ಗಾಳಿಯನ್ನು ಎಳೆದುಕೊಂಡ ಹಾಗೆ. ಕೆಲವು ಉಸಿರಿನಲ್ಲೇ ಪ್ರಜ್ಞೆ ತಪ್ಪುತ್ತದೆ, ಮುಚ್ಚಳಕ್ಕೆ ಕೈ ತಲುಪುವುದೇ ಇಲ್ಲ. ಅಂದರೆ ಕಾಯುತ್ತಾ ಹೋದಷ್ಟೂ ತಾವಾಗಿ ಹೊರಬರುವ ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಯಾರಾದರೂ ಮೇಲಿನಿಂದಲೇ ಬರಬೇಕು.

ಮೇಲಿನಿಂದ ಬರುವ ವಿದ್ಯೆ ಇರಲಿಲ್ಲವೆಂದಲ್ಲ. 1939ರಲ್ಲಿ ಅಮೆರಿಕದ 'ಸ್ಕ್ವಾಲಸ್' 74 ಮೀಟರ್ ಆಳದಲ್ಲಿ ಮುಳುಗಿದಾಗ ಒಂದು ದೊಡ್ಡ ಉಕ್ಕಿನ ಗಂಟೆಯನ್ನು ಇಳಿಸಿದ್ದರು. ಒಬ್ಬ ಮುಳುಗುಗಾರ ಮೊದಲು ಇಳಿದು ಸಬ್‌ಮರೀನಿನ ಮುಚ್ಚಳದ ಬಳಿ ಉಕ್ಕಿನ ಹಗ್ಗ ಕಟ್ಟಿದ. ಗಂಟೆ ಆ ಹಗ್ಗವನ್ನು ಸುತ್ತಿಕೊಳ್ಳುತ್ತಾ ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಂಡು ಮುಚ್ಚಳದ ಮೇಲೆ ಸರಿಯಾಗಿ ಕೂತಿತು. ಅಡಿಯ ನೀರು ಹೊರಹಾಕಿದೊಡನೆ ಸಮುದ್ರದ ಒತ್ತಡವೇ ಅದನ್ನು ಬಿಗಿಯಾಗಿ ಒತ್ತಿಹಿಡಿಯಿತು. ಮುಚ್ಚಳ ತೆಗೆದು ಬಟ್ಟೆ ಒದ್ದೆಯಾಗದಂತೆ ಜನರನ್ನು ಹತ್ತಿಸಿಕೊಂಡರು. ನಾಲ್ಕು ಸಲ ಹೋಗಿಬಂದು 33 ಜನರನ್ನು ಉಳಿಸಿದರು. 23 ಟನ್ನಿನ ಶತ್ರುವನ್ನೇ ಕೆಲಸಗಾರನನ್ನಾಗಿ ಮಾಡಿಕೊಂಡ ಈ ಯುಕ್ತಿಯನ್ನು ನಾನು ಮುಂದಿನ ಸಲ ಒತ್ತಡದ ಪಾಠದಲ್ಲಿ ಖಂಡಿತ ಹೇಳುತ್ತೇನೆ.

ಟರ್ಕಿಯ ಬಳಿಯೂ ಇಂಥ ಕೆಲಸಕ್ಕೆಂದೇ ಕಟ್ಟಿದ ಹಡಗಿತ್ತು. ಅದೂ ಅಮೆರಿಕದಿಂದ 1950ರಲ್ಲೇ ಬಂದದ್ದು. ಅಲ್ಲಿ ಅದರ ಹೆಸರು ಬ್ಲೂಬರ್ಡ್, ಟರ್ಕಿಯಲ್ಲಿ ಕುರ್ತರಾನ್, ಅಂದರೆ ಕಾಪಾಡುವವನು. ಎರಡು ಹೆಸರಿನ ಸಬ್‌ಮರೀನನ್ನು ಕಾಪಾಡಲು ಎರಡು ಹೆಸರಿನ ಹಡಗು. ಹನ್ನೊಂದು ಗಂಟೆಯ ಸುಮಾರಿಗೆ ಅದು ನಾರಾಕ್ಕೆ ಬಂತು. ಸ್ಕ್ವಾಲಸ್ ಮುಳುಗಿದ್ದು ತೆರೆದ ಕಡಲಲ್ಲಿ. ಇಲ್ಲಿ ಮೇಲೊಂದು ಕೆಳಗೊಂದು ಸೆಳೆತದ ಕಿರಿದಾದ ಜಲಸಂಧಿ. ಹಡಗನ್ನು ಮುಳುಗಿದ ಜಾಗದ ನೆತ್ತಿಯ ಮೇಲೆ ಅಲುಗದಂತೆ ನಿಲ್ಲಿಸಬೇಕು, ಮುಳುಗುಗಾರ 81 ಮೀಟರ್ ಇಳಿದು ಹಗ್ಗ ಕಟ್ಟಬೇಕು. ಇಳಿದವರನ್ನೆಲ್ಲ ಸೆಳೆತ ತಳ್ಳಿಕೊಂಡು ಹೋಯಿತು. ಮತ್ತೆ ಮತ್ತೆ ಇಳಿದರು. ಈ ಹೆಣಗಾಟದ ನಡುವೆ ತೇಲುಬೆಂಡಿನ ತಂತಿ ಕಡಿದುಹೋಯಿತು. ಅದರೊಂದಿಗೆ ಮಾತು ಹೋಯಿತು, ಕೆಳಗಿನ ಜಾಗಕ್ಕೆ ದಾರಿ ತೋರಿಸುತ್ತಿದ್ದ ಒಂದೇ ಎಳೆಯೂ ಹೋಯಿತು.

ತಂತಿ ಕಡಿಯುವ ಮೊದಲಿನ ಮಾತುಗಳ ಬಗ್ಗೆ ಟರ್ಕಿಯಲ್ಲಿ ಇವತ್ತಿಗೂ ಹೇಳುವ ಒಂದು ಕಥೆಯಿದೆ. ಮೊದಲು ಮೇಲಿನವರು ಕೆಳಗಿನವರಿಗೆ, ಅಗತ್ಯವಿಲ್ಲದೆ ಮಾತಾಡಬೇಡಿ, ಹಾಡು ಹೇಳಬೇಡಿ, ಸಿಗರೇಟು ಸೇದಬೇಡಿ ಎಂದು ತಿಳಿಸಿದ್ದರಂತೆ. ಏಕೆಂದು ಈಗ ನಿಮಗೆ ಗೊತ್ತು. ಮಾತು, ಹಾಡು, ಬೆಂಕಿಕಡ್ಡಿ, ಮೂರೂ ಇರುವ ಗಾಳಿಯನ್ನು ತಿನ್ನುತ್ತವೆ. ಸುಮ್ಮನೆ ಮಲಗಿದವನಿಗೆ ಗಂಟೆಗೆ 20 ಲೀಟರ್ ಲೆಕ್ಕ, ಹಾಡುವವನಿಗೆ ಅದಕ್ಕಿಂತ ಹೆಚ್ಚು. ಉಳಿಸಲು ಇನ್ನೇನೂ ಉಳಿದಿಲ್ಲ ಎಂದು ಖಚಿತವಾದ ಮೇಲೆ ಮೇಲಿನಿಂದ ಇನ್ನೊಂದು ಮಾತು ಹೋಯಿತಂತೆ. ಇನ್ನು ಮಾತಾಡಬಹುದು, ಹಾಡಬಹುದು, ಸಿಗರೇಟೂ ಸೇದಬಹುದು ಎಂದು. ಕೆಳಗಿನಿಂದ ಬಂದ ಉತ್ತರ "ವತನ್ ಸಾ ಓಲ್ಸುನ್". ವತನ್ ಎಂಬ ಮಾತು ನಮ್ಮಲ್ಲಿ ಉರ್ದು ಬಲ್ಲವರಿಗೆ ಗೊತ್ತೇ ಇದೆ. ನಾಡು ಚೆನ್ನಾಗಿರಲಿ ಎಂದು ಅರ್ಥ. ಟರ್ಕಿಯಲ್ಲಿ ಸಾವಿನ ಮನೆಗಳಲ್ಲಿ, ಸೈನಿಕನ ಹೆತ್ತವರು ಹೇಳುವ ಮಾತದು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೆಳಗಿನವರ ಉತ್ತರವಲ್ಲ, ಮೇಲಿನವನು. ರಿಸೀವರ್ ಹಿಡಿದುಕೊಂಡು "ಇನ್ನು ಹಾಡಬಹುದು" ಎಂದು ಹೇಳಬೇಕಾದವನು. ಕೆಳಗಿದ್ದವರು ಸಬ್‌ಮರೀನಿನಲ್ಲಿ ಪಳಗಿದ ನಾವಿಕರು, ಗಾಳಿಯ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಅನುಮತಿಯ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೂರು ದಿನದ ನಂತರ ಪ್ರಯತ್ನ ಕೈಬಿಟ್ಟರು. ಒಟ್ಟು 81 ಜನ ಸತ್ತಿದ್ದರು. ನಾಬೊಲಾಂಡಿನ ಕ್ಯಾಪ್ಟನ್ ಮೇಲೆ ಟರ್ಕಿಯಲ್ಲಿ ಮೊಕದ್ದಮೆ ನಡೆಯಿತು. ದುಮ್ಲುಪಿನಾರ್ ಈಗಲೂ ನಾರಾದ ತಳದಲ್ಲೇ ಇದೆ. ಪ್ರತಿ ಏಪ್ರಿಲ್ 4ರಂದು ಕಡಲಿನಲ್ಲಿ ಸತ್ತ ನಾವಿಕರನ್ನು ಅಲ್ಲಿ ನೆನೆಯುತ್ತಾರೆ, ನೀರಿಗೆ ಹೂಮಾಲೆ ಬಿಡುತ್ತಾರೆ. 1972ರಲ್ಲಿ ಅಮೆರಿಕದಿಂದ ಯುದ್ಧಕಾಲದ ಇನ್ನೊಂದು ಹಳೆಯ ಸಬ್‌ಮರೀನು ಬಂತು, 'ಕೇಮನ್' ಎಂದು ಹೆಸರು. ಟರ್ಕರು ಅದಕ್ಕೂ ದುಮ್ಲುಪಿನಾರ್ ಎಂದೇ ಹೆಸರಿಟ್ಟರು.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಈಗ ದ್ವಿತೀಯ ಪಿಯುಸಿ. ಮೊದಲ ಕರಡನ್ನು ಅವಳಿಗೇ ಓದಲು ಕೊಟ್ಟಿದ್ದೆ. ಎರಡು ದಿನ ಬಿಟ್ಟು ತಂದುಕೊಟ್ಟಳು, ಏನೂ ಹೇಳಲಿಲ್ಲ. ಹೋದ ಮೇಲೆ ಬಿಡಿಸಿ ನೋಡಿದರೆ ಮುಚ್ಚಳದ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿತ್ತು: "ಸರ್, ಸಾಂದ್ರತೆ 1000 ಹಾಕಿದ್ದೀರಿ. ಅದು ಸಿಹಿನೀರಿಗೆ." ಮೇಲೆ ನೀವು ಓದಿದ್ದು ತಿದ್ದಿದ ಲೆಕ್ಕ.